ಸುಣ್ಣ, ಫರ್ಶಿ, ಕೌದಿ

ಪುಸ್ತಕಗಳಲ್ಲಿ ನಾವು ನೋಡಿ ಮನಸೋಲುವ ಇಂಗ್ಲೆಂಡಿನ ಕಾಟೇಜ್ ಚಳಿಗೆ ಹುಟ್ಟಿದ ಮನೆ. ದಪ್ಪ ಗೋಡೆ, ತಗ್ಗಿದ ಸೂರು, ಸಣ್ಣ ಕಿಟಕಿ, ಬೆಂಕಿಗೂಡು, ಉಣ್ಣೆಯ ಹೊದಿಕೆ, ಎಲ್ಲವೂ ಒಳಗಿನ ಕಾವು ಹೊರಗೆ ಹೋಗದಿರಲೆಂದು. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 43 ಡಿಗ್ರಿ ದಾಟುವುದು ಹೊಸದಲ್ಲ. ಇಲ್ಲಿ ಮೈಮನಸ್ಸಿಗೆ ಹಿತವೆನಿಸುವ ಮನೆ ಎಂದರೆ ಮೊದಲು ತಂಪಾದ ಮನೆ. ಇಲ್ಲಿನ ಬ್ರಹ್ಮಪುರದ ನಮ್ಮ ಹಳೆಯ ಮನೆಯನ್ನು ಹಳ್ಳಿಮನೆಯಂತೆ ಸಜ್ಜುಗೊಳಿಸಲು ಹೊರಟಾಗ ನಾನು ಕಮಲಾಪುರದ ಅತ್ತೆಯ ಮನೆಯನ್ನೇ ಮಾದರಿಯಾಗಿ ಇಟ್ಟುಕೊಂಡೆ.

ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚಕ ಪಡೆದ, ಹುಮನಾಬಾದ್ ರಸ್ತೆಯ ಆ ಊರಿನಲ್ಲಿ ಹಳೆಯ ಮಾಳಿಗೆ ಮನೆಗಳು ಇನ್ನೂ ಉಳಿದಿವೆ. ಅತ್ತೆಯ ಮನೆಯ ಗೋಡೆ ಕೈಚಾಚಿದಷ್ಟು ದಪ್ಪ. ತಲೆ ಬಗ್ಗಿಸಿ ದಾಟುವ ಬಾಗಿಲು, ಗೋಡೆಯಲ್ಲೇ ಕೊರೆದ ಗೂಡುಗಳು, ಮೇಲೆ ಜಂತಿ, ಅದರ ಮೇಲೆ ಮಣ್ಣು. ಹಗಲೆಲ್ಲ ಕಾವನ್ನು ಗೋಡೆಯೇ ಹೀರಿಕೊಂಡು ರಾತ್ರಿ ಬಿಡುತ್ತದೆ. ಆ ಹೊತ್ತಿಗೆ ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಾರೆ. ಇಂಗ್ಲೆಂಡಿನ ಅದೇ ದಪ್ಪ ಗೋಡೆ, ಅದೇ ಸಣ್ಣ ಕಿಟಕಿ, ಕೆಲಸ ಮಾತ್ರ ತಿರುವುಮುರುವು. “ಮೊದಲು ಬಿಸ್ಲು ಒಳಗ ಬರ್ಲಾರದಂಗ ಮಾಡವ್ವ, ಚೆಂದ ಆಮ್ಯಾಲ ನೋಡಮ್” ಎಂದರು ಅತ್ತೆ. ನಮ್ಮ ಕೆಲಸವೆಲ್ಲ ಆ ಕ್ರಮದಲ್ಲೇ ನಡೆಯಿತು.

ಶುರುವಾದದ್ದು ಗೋಡೆಯಿಂದ. ಕಲ್ಲು-ಗಾರೆಯ ಹಳೆಯ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿರುವುದಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣ ಉಬ್ಬಿ ಹಪ್ಪಳ ಏಳುತ್ತದೆ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ಆದರೆ ಹಳೆಯ ಪೇಂಟ್ ಮೇಲೆ ಅದು ನಿಲ್ಲದು, ಕೆರೆದು ತೆಗೆಯಲೇಬೇಕು, ಮತ್ತು ಈ ಕೆರೆಯುವುದೇ ಇಡೀ ಕೆಲಸದಲ್ಲಿ ಹೆಚ್ಚು ಬೆವರು ಹರಿಸುವ ಭಾಗ. ಸುಣ್ಣದ ಹರಳನ್ನು ನೀರಿಗೆ ಹಾಕಿದಾಗ ಕುದಿಯುತ್ತದೆ. ಮಕ್ಕಳನ್ನು ದೂರವಿಡಿ, ಕಣ್ಣು ಕೈ ಮುಚ್ಚಿಕೊಳ್ಳಿ. ಕೆಲವು ದಿನ ನೆನೆದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ, ಚಿಟಿಕೆ ನೀಲಿ ಹಾಕಿ, ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಬಳಿಯಬೇಕು. ಬಳಿದಾಗ ನೀರುನೀರಾಗಿ, ಏನೂ ಬಳಿದಿಲ್ಲವೆನ್ನುವಂತೆ ಕಾಣುತ್ತದೆ. ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣ ಮತ್ತೆ ಸುಣ್ಣಕಲ್ಲಾಗುತ್ತದೆ, ಗಟ್ಟಿಯಾಗುವುದು ಅದಕ್ಕೇ.

ಕೆಳಗೆ ಹಾಸಿರುವ ಶಹಾಬಾದ್ ಫರ್ಶಿಯೂ ಸುಣ್ಣಕಲ್ಲೇ. ಗೋಡೆ, ನೆಲ ಎರಡೂ ಒಂದೇ ಕುಲದವು ಎಂದು ತಿಳಿದ ದಿನ ನನಗಾದ ಸಂತೋಷ ಇಷ್ಟಿಷ್ಟಲ್ಲ. ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ಪದರಪದರವಾಗಿ ಏಳುವ ಈ ಕಲ್ಲನ್ನು ಮನೆಗೆ ಹಾಸುತ್ತೇವೆ. ವಾಡಿಯಲ್ಲಿ ಸುಣ್ಣಕಲ್ಲನ್ನೇ ಸುಟ್ಟು ಸಿಮೆಂಟು ಮಾಡುತ್ತಾರೆ. ಫರ್ಶಿಯ ಮೇಲೆ ಟೈಲ್ಸ್ ಹಾಕಿಸಿರೆಂದು ಸಲಹೆ ಕೊಟ್ಟವರು ಬಹಳ. ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ಬೂದುನೀಲಿ ಫರ್ಶಿಯ ಮೇಲೆ ನಿಂತವರು ಆ ಮಾತು ಆಡಲಾರರು. ಅದಕ್ಕೆ ಆ್ಯಸಿಡ್ ಮಾತ್ರ ತಾಗಬಾರದು. ಬಚ್ಚಲು ತೊಳೆಯುವ ದ್ರಾವಣ, ಹುಣಸೆರಸ, ನಿಂಬೆರಸ ಮೂರೂ ಸುಣ್ಣಕಲ್ಲನ್ನು ತಿಂದು ಕಲೆ ಬಿಡುತ್ತವೆ. ಹದವಾದ ಸೋಪಿನ ನೀರು, ಒದ್ದೆ ಬಟ್ಟೆ ಸಾಕು.

ಗೋಡೆ ಬಿಳಿ, ನೆಲ ಬೂದು. ಬಣ್ಣ ಎಲ್ಲಿಂದ ತರುವುದು? ಕೌದಿಯಿಂದ. ಅಂಗಡಿಗಳಲ್ಲಿ ಸಿಗುವ ಹೂಹೂವಿನ ದಿಂಬು, ಜಾಲರಿಯ ಪರದೆಗಿಂತ ಒಂದು ಒಳ್ಳೆಯ ಕೌದಿ ಪಡಸಾಲೆಯನ್ನು ತುಂಬುತ್ತದೆ. ಕಮಲಾಪುರದಲ್ಲಿ ಅತ್ತೆಯ ಪರಿಚಯದ ಅಕ್ಕನೊಬ್ಬರಿಗೆ ಹಳೆಯ ಸೀರೆ, ಧೋತರ, ಮಕ್ಕಳ ಲಂಗ ಕೊಟ್ಟು ಹೊಲಿಸಿದೆ. ಗಂಟು ಬಿಚ್ಚಿದ ಕೂಡಲೇ ಆಕೆ ನೈಲಾನ್, ಸಿಲ್ಕಿನ ಸೀರೆಗಳನ್ನು ಬದಿಗಿಟ್ಟರು: ಸೂಜಿ ಜಾರುತ್ತದೆ, ಪದರ ಕೂಡುವುದಿಲ್ಲ. ನೂಲಿನ ಬಟ್ಟೆ, ಅದೂ ಒಗೆದು ಒಗೆದು ಮೆತ್ತಗಾದದ್ದು ಬೇಕು. ಸಾಲುಸಾಲಾಗಿ ಬರುವ ಆ ಓಡುಹೊಲಿಗೆಯೇ ಚಿತ್ತಾರ. ನನ್ನ ಮಾವನವರ ಧೋತರದ ಅಂಚು ಈಗ ಹೊರಸಿನ ಮೇಲೆ, ಬಂದವರ ಕೈಗೆಟುಕುವಲ್ಲಿದೆ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಕಣ್ಣು, ಬೆನ್ನು ಎರಡನ್ನೂ ಸವೆಸುವ ದುಡಿಮೆ ಅದು.

ಮರದ ಸಾಮಾನಿನ ಬಗ್ಗೆ ಹೇಳುವುದು ಕಡಿಮೆ. ಕೆಡವಿದ ಮನೆಗಳ ಬಾಗಿಲು, ಕಂಬ ಕೊಳ್ಳುವ ಮುನ್ನ ತಟ್ಟಿ ನೋಡಿ, ಕೆಳಗೆ ಹಿಟ್ಟು ಉದುರಿದರೆ ಹುಳ ಇದೆ, ಬಿಟ್ಟುಬಿಡಿ. ಹೊಸ ಕಪಾಟು ಮಾಡಿಸಲಿಲ್ಲ. ಗೋಡೆಯ ಗೂಡುಗಳೇ ಪುಸ್ತಕಕ್ಕೂ ದೀಪಕ್ಕೂ ಹಿತ್ತಾಳೆ ತಂಬಿಗೆಗೂ ಸಾಕಾದವು.

ಕಿಟಕಿಗೆ ಬೇಸಿಗೆಯಲ್ಲಿ ಖಸ್ ಪರದೆ ಇಳಿಬಿಟ್ಟು ನೀರು ಚಿಮುಕಿಸುತ್ತೇವೆ. ಬಿಸಿಗಾಳಿ ಒಣಗಿದ್ದಷ್ಟೂ ನೀರು ಬೇಗ ಆರಿ ತಂಪು ಹೆಚ್ಚುತ್ತದೆ, ಹಾಗಾಗಿ ನಮ್ಮ ಒಣ ಸೀಮೆಗೆ ಇದು ಹೇಳಿಮಾಡಿಸಿದ ಉಪಾಯ. ಅಂಗಳದಲ್ಲಿ ಗುಲಾಬಿ ಬಳ್ಳಿಯ ಬದಲು ದುಂಡುಮಲ್ಲಿಗೆ, ಕನಕಾಂಬರ, ದಾಸವಾಳ ಹಾಕಿದ್ದೇವೆ. ಪಡುವಣ ಗೋಡೆಗೆ ಮಾತ್ರ ಇನ್ನೂ ನೆರಳಿಲ್ಲ, ಸಂಜೆಯ ಬಿಸಿಲು ಅಲ್ಲಿಂದಲೇ ಒಳನುಗ್ಗುತ್ತದೆ. ಮಳೆ ಬಿದ್ದ ಮೇಲೆ ಅಲ್ಲಿ ಹೊಂಗೆ ನೆಡುವವರಿದ್ದೇವೆ.