ಬಿಸಿಲೇರುವ ಮೊದಲು ತಾರಸಿಗೆ ಬಿಳಿ ಬಳಿಯಿರಿ

ರಾಯಚೂರು, ಕಲಬುರಗಿ ಕಡೆ ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುವುದು ಹೊಸದಲ್ಲ. ಹಳೆಯ ಮಣ್ಣಿನ ಮಾಳಿಗೆಗಳು ಆ ಬಿಸಿಲನ್ನು ತಡೆಯುತ್ತಿದ್ದವು. ನಾಲ್ಕೈದು ಇಂಚಿನ ಆರ್‌ಸಿಸಿಗೆ ಆ ತಾಕತ್ತಿಲ್ಲ. ಹಗಲಿಡೀ ಕಾದ ಕಾಂಕ್ರೀಟು ರಾತ್ರಿ ಕಾವನ್ನೆಲ್ಲ ಕೋಣೆಗೆ ಇಳಿಸುತ್ತದೆ. ಫ್ಯಾನು ಹಾಕಿದರೂ ಬೀಸುವುದು ಬಿಸಿಗಾಳಿಯೇ.

ಬರಿಯ ಕಾಂಕ್ರೀಟು ಬಿಸಿಲಿನ ಮೂರನೇ ಒಂದು ಭಾಗವನ್ನಷ್ಟೇ ಹಿಂದಕ್ಕೆ ಕಳಿಸಿದರೆ, ಒಳ್ಳೆಯ ಬಿಳಿ ಲೇಪನ ಹೊಸದರಲ್ಲಿ ಶೇ 80ರಷ್ಟನ್ನು ಕಳಿಸುತ್ತದೆ. ಮೇಲಂತಸ್ತಿನ ಕೋಣೆ 2ರಿಂದ 5 ಡಿಗ್ರಿ ತಣ್ಣಗಾಗುತ್ತದೆ. 2010ರ ಬಿಸಿಗಾಳಿಯಲ್ಲಿ ನೂರಾರು ಜನರನ್ನು ಕಳೆದುಕೊಂಡ ಅಹಮದಾಬಾದ್, 2017ರಲ್ಲಿ ಬಡವರ ಬಡಾವಣೆಗಳ ಸೂರಿಗೆ ಸುಣ್ಣ ಬಳಿಸಿತು. ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆಂದೇ ನೀತಿ ರೂಪಿಸಿದೆ.

ಕೆಲಸಕ್ಕೆ ಫೆಬ್ರುವರಿ ಸರಿಯಾದ ಸಮಯ. ಮೊದಲು ಪಾಚಿ, ಹಳೆಯ ಬಣ್ಣದ ಹಕ್ಕಳೆಗಳನ್ನು ತಂತಿ ಬ್ರಷ್‌ನಿಂದ ಕೆರೆದು ತಾರಸಿ ತೊಳೆಯಿರಿ. ನೀರು ಆರುವಾಗ ಅಲ್ಲೇ ನಿಂತು ನೋಡಿ: ಉಳಿದೆಡೆ ಒಣಗಿದರೂ ಬಿರುಕುಗಳು ತೇವ ಹಿಡಿದು ಕಪ್ಪು ಗೆರೆಗಳಂತೆ ಕಾಣುತ್ತವೆ. ಅವಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಕ್ರ್ಯಾಕ್ ಫಿಲ್ಲರ್ ತುಂಬಿ. ಇದನ್ನು ಬಿಟ್ಟು ಬಳಿದ ಬಣ್ಣ ಮೊದಲ ಮಳೆಗೇ ಏಳುತ್ತದೆ.

ಮುಂದಿನದು ಜೇಬಿನ ಲೆಕ್ಕ. ಸುಣ್ಣ ಅಗ್ಗ, ಆದರೆ ಮಳೆಗೆ ತೊಳೆದುಹೋಗುವುದರಿಂದ ವರ್ಷವೂ ಬಳಿಯಬೇಕು. ಅರಳಿಸುವಾಗ ಕುದಿದು ಸಿಡಿಯುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು, ಮಕ್ಕಳು ದೂರವಿರಲಿ. ರಾತ್ರಿಯಿಡೀ ನೆನೆಸಿ, ಸೋಸಿ, ತುಸು ಅಂಟು ಬೆರೆಸಿ ಬಳಿಯಿರಿ. ಸುಣ್ಣ ಹಿಡಿಯಲು ತಾರಸಿ ತೇವವಾಗಿರಬೇಕು.

ಸುಣ್ಣದ ಬದಲು ಬಿಸಿಲನ್ನು ಹಿಂದಕ್ಕೆ ಕಳಿಸಲೆಂದೇ ತಯಾರಾದ ಕೂಲ್ ರೂಫ್ ಪೇಂಟ್ ಬಳಿಯುವುದಾದರೆ ಇದು ತಿರುವುಮುರುವು: ತಾರಸಿ ಪೂರ್ತಿ ಒಣಗಿರಬೇಕು. ಬಿಸಿಲನ್ನು ಹಿಂದಕ್ಕೆ ಕಳಿಸಿ ತಂಪಾಗಿರುವ ಸಾಮರ್ಥ್ಯದ ಅಳತೆಯಾದ ಎಸ್‌ಆರ್‌ಐ ಅಂಕಿ ಡಬ್ಬಿಯ ಮೇಲೆ 100ರ ಆಸುಪಾಸಿನಲ್ಲಿದೆಯೇ ನೋಡಿಕೊಳ್ಳಿ. ಗೋಡೆಗೆಂದು ತಂದು ಉಳಿದ ಬಿಳಿ ಬಣ್ಣವನ್ನು ತಾರಸಿಗೆ ಬಳಿಯುವುದು ದುಡ್ಡು ದಂಡ. ಪ್ರೈಮರ್ ಆದಮೇಲೆ ಎರಡು ಕೋಟ್: ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಬೆಳಗಿನ ತಂಪಿನಲ್ಲೇ ಮುಗಿಸಿ; ಸುಡುವ ತಾರಸಿಯ ಮೇಲೆ ಬಣ್ಣ ಹರಡುವ ಮೊದಲೇ ಒಣಗುತ್ತದೆ. ತಗಡಿನ ಸೂರಾದರೆ ತುಕ್ಕು ತೆಗೆದು, ತುಕ್ಕುನಿರೋಧಕ ಪ್ರೈಮರ್ ಹಚ್ಚುವುದು ಕಡ್ಡಾಯ.

ಈ ಲೇಪನ ತಡೆಯುವುದು ಸೂರಿನ ಕಾವನ್ನು ಮಾತ್ರ. ಪಡುವಣ ಕಿಟಕಿಗೆ ನೆರಳು, ರಾತ್ರಿ ಗಾಳಿಯಾಡಲು ದಾರಿ ಬೇರೆಯೇ ಬೇಕು. ಬಯಲುಸೀಮೆಯ ಧೂಳು ಕುಳಿತರೆ ಬಿಳುಪೂ ಮಂಕಾಗುತ್ತದೆ, ಕೆಲಸವೂ ಕುಂದುತ್ತದೆ. ಪ್ರತಿ ಬೇಸಿಗೆಗೆ ಮುಂಚೆ ಒಮ್ಮೆ ಗುಡಿಸಿ ತೊಳೆಯಿರಿ. ಅದಕ್ಕೆ ಬೇಕಾದ್ದು ಒಂದು ಪೊರಕೆ, ನಾಲ್ಕು ಬಕೆಟ್ ನೀರು.