ಮಕ್ಕಳು ಕಟ್ಟಿದ ನುಡಿ

ಕಿವುಡರ ಸಂಜ್ಞೆ ಲೋಕಕ್ಕೆಲ್ಲ ಒಂದೇ ಎಂದು ಅನೇಕರು ಭಾವಿಸುತ್ತಾರೆ. ಅದು ಹಾಗಲ್ಲ. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಜನ ಆಡುವುದು ಇಂಗ್ಲಿಷೇ. ಆದರೆ ಅಲ್ಲಿನ ಕಿವುಡರು ಅಕ್ಷರಗಳನ್ನು ಎರಡು ಕೈಗಳಿಂದ ತೋರಿದರೆ ಇಲ್ಲಿನವರು ಒಂದೇ ಕೈಯಿಂದ ತೋರುತ್ತಾರೆ. 1817ರಲ್ಲಿ ಹಾರ್ಟ್‌ಫರ್ಡಿನಲ್ಲಿ ಶಾಲೆ ತೆರೆಯಲು ನೆರವಾದ ಲೊರಾಂ ಕ್ಲೆರ್ ಪ್ಯಾರಿಸಿನಿಂದ ಬಂದವರು, ಸ್ವತಃ ಕಿವುಡರು. ಅಮೆರಿಕದ ಸಂಜ್ಞೆಗೆ ಫ್ರಾನ್ಸಿನ ನಂಟು ಬಂದದ್ದು ಹೀಗೆ.

ಹೀಗಿರುವಾಗ ಸೇವೆಗೆಂದು ಪರದೇಶಕ್ಕೆ ಹೋಗುವ ದುಭಾಷಿ ಅಲ್ಲಿ ಮೊದಲು ಮಾಡಬೇಕಾದುದೇನು? ನಿಕರಾಗುವ ದೇಶದ ವೃತ್ತಾಂತ ಇದಕ್ಕೆ ಉತ್ತರ ಹೇಳುತ್ತದೆ. 1977ರಲ್ಲಿ ಮನಾಗುವಾ ನಗರದ ವಿಶೇಷ ಶಾಲೆಯೊಂದರಲ್ಲಿ ಕಿವುಡ ಮಕ್ಕಳಿಗೆ ಪಾಠ ಪ್ರಾರಂಭವಾಯಿತು. ತುಟಿಯ ಚಲನೆ ನೋಡಿ ಸ್ಪ್ಯಾನಿಷ್ ಕಲಿಯಿರೆಂದರು ಉಪಾಧ್ಯಾಯರು; ಫಲ ಅಷ್ಟಕ್ಕಷ್ಟೆ. ಮಕ್ಕಳೋ, ಆಟದ ಬಯಲಿನಲ್ಲಿ ತಂತಮ್ಮ ಮನೆಯ ಕೈಸನ್ನೆಗಳನ್ನು ಕಲೆಹಾಕಿ ಹರಟತೊಡಗಿದರು! ತರುವಾಯ ಬಂದ ಎಳೆಯರು ಅದಕ್ಕೆ ವ್ಯಾಕರಣವನ್ನೂ ಕೂಡಿಸಿದರು. 1986ರಲ್ಲಿ ಅಮೆರಿಕದಿಂದ ಅಲ್ಲಿಗೆ ಹೋದ ಭಾಷಾವಿಜ್ಞಾನಿ ಜೂಡಿ ಕೆಗಲ್ ತಮ್ಮ ನಾಡಿನ ಸಂಜ್ಞೆಯನ್ನು ಹೇರದೆ ಆ ಮಕ್ಕಳ ಸಂಜ್ಞೆಯನ್ನೇ ಅಭ್ಯಸಿಸಿದರು. ದುಭಾಷಿಗೆ ನಾಲಗೆಗಿಂತ ಕಣ್ಣು ಮುಖ್ಯವೆಂದು ನನಗೆ ತೋರುತ್ತದೆ.

ಇದನ್ನು ನಾನು ಓದಲು ಕಾರಣ ನನ್ನ ತಂಗಿ. ಅವಳಿಗೆ ಕಿವಿ ಕೇಳಿಸದು. ಮೂಗಿನ ಬಲಕ್ಕೆ ಬೆರಳಿಟ್ಟರೆ ಮೂಗುಬೊಟ್ಟಿನ ಅಜ್ಜಿ, ಅಂಗೈ ತಟ್ಟಿದರೆ ರೊಟ್ಟಿ: ಇವು ನಮ್ಮ ಮನೆಯ ಹೊಸ್ತಿಲು ದಾಟಿದರೆ ಯಾರಿಗೂ ತಿಳಿಯವು. ಮನಾಗುವಾದ ನುಡಿ ಬೆಳೆದುದು ಮಕ್ಕಳು ಒಂದೆಡೆ ನೆರೆದುದರಿಂದ. ಆದುದರಿಂದ ಬರುವ ಜೂನಿನಲ್ಲಿ ಅವಳನ್ನು ಕಿವುಡ ಮಕ್ಕಳ ಶಾಲೆಗೇ ಸೇರಿಸಬೇಕೆಂದು ಅಪ್ಪನೊಡನೆ ವಾದಿಸುತ್ತಿದ್ದೇನೆ. ಅಷ್ಟು ದೂರ ಕಳುಹಿಸಲು ಅವ್ವ ಇನ್ನೂ ಒಪ್ಪಿಲ್ಲ.