ಕೊನೇ ಭಾಗದ ಜಾರ್

ಮಂಡ್ಯದ ಗುತ್ತಲಿನ ಮನೆಯಲ್ಲೇ ಕೂತು ಜಾವಾ ಕೆಲಸ ಮಾಡುತ್ತೇನೆ. ಆವೃತ್ತಿಗಳ ಪಾಠವನ್ನು ಪುಸ್ತಕಕ್ಕಿಂತ ಬೈಗುಳದಿಂದಲೇ ಹೆಚ್ಚು ಕಲಿತವನು.

1. ನನ್ನಲ್ಲಿ ಕಂಪೈಲ್ ಆದರೆ ಸಾಲದು

ಹಲವು ತಂಡಗಳು ಬಳಸುತ್ತಿದ್ದ ಲೈಬ್ರರಿಯೊಂದರಲ್ಲಿ ಏನನ್ನೂ ವಾಪಸು ಕೊಡದ ಒಂದು ವಾಯ್ಡ್ ಮೆಥಡ್ ಇತ್ತು. ಕೆಲಸ ಆಯಿತೋ ಇಲ್ಲವೋ ತಿಳಿಯಲೆಂದು ಅದು ಬೂಲಿಯನ್ ಕೊಡುವಂತೆ ಮಾಡಿದೆ. ಇದರಿಂದ ಯಾರಿಗೇನು ತೊಂದರೆ? ಟೆಸ್ಟುಗಳೆಲ್ಲ ಪಾಸಾದವು. ಆವೃತ್ತಿಯ ಕೊನೆಯ ಅಂಕಿಯನ್ನಷ್ಟೇ ಏರಿಸಿ ಬಿಡುಗಡೆ ಮಾಡಿದೆ. ಅದೇ ರಾತ್ರಿ ಇನ್ನೊಂದು ತಂಡದ ಸರ್ವರ್ ‘ನೋ ಸಚ್ ಮೆಥಡ್ ಎರರ್’ ಎಂದು ಮಲಗಿತು. ಬೈಟ್‌ಕೋಡ್ ಮಟ್ಟದಲ್ಲಿ ಮೆಥಡನ್ನು ಹುಡುಕುವಾಗ ವಾಪಸು ಬರುವ ಟೈಪನ್ನೂ ನೋಡಲಾಗುತ್ತದೆ. ಅವರ ಜಾರ್ ಮೊದಲೇ ಕಂಪೈಲ್ ಆಗಿದ್ದರಿಂದ ಅದು ಹಳೆಯ ವಾಯ್ಡನ್ನೇ ಹುಡುಕುತ್ತಿತ್ತು. ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲೂ ಹೀಗೆಯೇ: ತೂಬಿನ ಬಳಿ ನಿಂತವನಿಗೆ ನೀರು ಚೆನ್ನಾಗಿಯೇ ಕಾಣುತ್ತದೆ, ಬರಲಿಲ್ಲವೆಂದು ಗೊತ್ತಾಗುವುದು ಮದ್ದೂರು, ಮಳವಳ್ಳಿಯ ಕೊನೇ ಭಾಗದ ರೈತರಿಗೆ. ಈಗ ಪ್ರತಿ ಬಿಡುಗಡೆಗೂ ಮುಂಚೆ ಜೆಎಪಿಐಸಿಎಂಪಿ ಎಂಬ ಸಾಧನದಿಂದ ಹಳೆಯ, ಹೊಸ ಜಾರ್‌ಗಳನ್ನು ಹೋಲಿಸುತ್ತೇನೆ.

2. ಮೇವನ್ ದೊಡ್ಡ ಅಂಕಿಯನ್ನೇ ಆರಿಸುತ್ತದೆಂದು ನಂಬಬೇಡಿ

ನಾನು ನಂಬಿದ್ದೆ. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಬಂದಾಗ ಈ ಬಿಲ್ಡ್ ಸಾಧನ ಆರಿಸುವುದು ಡಿಪೆಂಡೆನ್ಸಿ ಮರದಲ್ಲಿ ಹತ್ತಿರವಿರುವುದನ್ನು. ದೂರ ಸಮವಾದರೆ ಮೊದಲು ಬರೆದದ್ದನ್ನು. ಗ್ರೇಡಲ್ ಸಾಮಾನ್ಯವಾಗಿ ದೊಡ್ಡದನ್ನು ಹಿಡಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದ ದಿನ ಕೋಡ್ ಮುಟ್ಟದೆಯೇ ಜಾರ್‌ಗಳು ಬದಲಾಗಿದ್ದವು.

3. ಮಾಡ್ಯೂಲ್ ಬಂದರೂ ಜಗಳ ತೀರದು

2017ರ ಸೆಪ್ಟೆಂಬರ್‌ನಲ್ಲಿ ಮಾಡ್ಯೂಲ್‌ಗಳೊಂದಿಗೆ ಜಾವಾ 9 ಬಂದಾಗ ‘ಇನ್ನು ಆವೃತ್ತಿಯ ತಲೆನೋವು ಮುಗಿಯಿತು’ ಎಂದು ತಂಡಕ್ಕೆ ಭಾಷಣ ಬಿಗಿದಿದ್ದೆ. ‘ರಿಕ್ವೈರ್ಸ್’ ಎಂದು ಬರೆಯುವ ಕಡೆ ಆವೃತ್ತಿ ಹೇಳಲು ಜಾಗವೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಇಂತಿಂಥ ಆವೃತ್ತಿಯ ಒಳಗಿರಲಿ ಎಂದು ಹೇಳಲು ಓಎಸ್‌ಜಿಐ ಎಂಬ ಬೇರೊಂದು ಮಾಡ್ಯೂಲ್ ವ್ಯವಸ್ಥೆ ಬಿಡುತ್ತದೆ. ಅದಕ್ಕೆ ತಂಡವನ್ನು ಒಪ್ಪಿಸುವುದು ಬೇರೆಯದೇ ಕಥೆ.

4. ಹೆಸರು ಬದಲಾದರೆ ಅರ್ಧ ದಾಟಿ ನಿಲ್ಲಲಾಗದು

ಸ್ಪ್ರಿಂಗ್ ಬೂಟ್ 3 (ನವೆಂಬರ್ 2022) ‘ಜಾವಾಎಕ್ಸ್’ ಪ್ಯಾಕೇಜುಗಳನ್ನು ಬಿಟ್ಟು ‘ಜಕಾರ್ತಾ’ಗೆ ಹೋಯಿತು. ನಾವು ಬಳಸುತ್ತಿದ್ದ ಹೊರಗಿನ ಒಂದೇ ಒಂದು ಹಳೆಯ ಜಾರ್ ‘ಜಾವಾಎಕ್ಸ್’ನಲ್ಲೇ ಹಿಂದುಳಿದು ಇಡೀ ಬದಲಾವಣೆಯನ್ನೇ ತಡೆಯಿತು. ಮೊದಲು ಹೊರಗಿನ ಜಾರ್‌ಗಳ ಪಟ್ಟಿ ಮಾಡಿ.

5. ಎಲ್ಲರೂ ನಿಮ್ಮ ಜೊತೆ ಏರುವುದಿಲ್ಲ

2018ರಲ್ಲಿ ಬೆಂಗಳೂರಿನ ಐಐಐಟಿಯಲ್ಲಿ ಶುರುವಾದ ಗುರುತಿನ ವೇದಿಕೆ ಮೊಸಿಪ್ ಕೂಡ ಜಾವಾ ಮಾಡ್ಯೂಲುಗಳದ್ದೇ. ಫಿಲಿಪ್ಪೀನ್ಸ್, ಇಥಿಯೋಪಿಯಾಗಳು ಅದನ್ನು ಬಳಸುತ್ತವೆ. ಒಂದು ದೇಶದ ನೋಂದಣಿಯನ್ನು ಹೊಸ ಬಿಡುಗಡೆಗೆಂದು ನಿಲ್ಲಿಸಲಾದೀತೆ? ಅವರ 1.2.0 ದೀರ್ಘಾವಧಿ ಬೆಂಬಲದ ಆವೃತ್ತಿಯಾಗಿಯೇ ಬಂದಿತ್ತು. ನಾನೂ ಈಗ ಹಳೆಯ ಮೆಥಡನ್ನು ‘ಡೆಪ್ರಿಕೇಟೆಡ್’ ಎಂದು ಗುರುತಿಸಿ ಮುಂದಿನ ದೊಡ್ಡ ಆವೃತ್ತಿಯವರೆಗೆ ಉಳಿಸುತ್ತೇನೆ. ಒಂದನ್ನು ಮಾತ್ರ ಅದಾದ ಮೇಲೂ ಅಳಿಸಿಲ್ಲ. ಯಾರು ಕರೆಯುತ್ತಿದ್ದಾರೋ ಗೊತ್ತಿಲ್ಲ, ಧೈರ್ಯವಂತೂ ಬರುತ್ತಿಲ್ಲ.